ಗುಜರಿಯ ಮುಂಗಾಜು ಮತ್ತು ಅದರ ಅಂಚು

ಗುಜರಿ ಅಂಗಡಿಯಲ್ಲಿ ಕಾರಿನ ಹಳೆಯ ಮುಂಗಾಜು ಅಗ್ಗಕ್ಕೆ ಸಿಗುತ್ತದೆ, ಅದನ್ನು ತಂದು ಮನೆಯಲ್ಲೇ ಕೂರಿಸಿಕೊಳ್ಳಬಹುದೆ ಎಂಬುದು ಓದುಗರೊಬ್ಬರ ಪ್ರಶ್ನೆ. ಹೇಗೆಂದು ತೋರಿಸುವ ವಿಡಿಯೊಗಳಿಗೇನೂ ಬರವಿಲ್ಲ. ತಂತಿಯಿಂದ ಕೊಯ್ದರೆ ಗಾಜು ಬಿಡುತ್ತದೆ, ಅಂಟು ಹಚ್ಚಿ ಒತ್ತಿದರೆ ಕೂರುತ್ತದೆ ಎಂಬಲ್ಲಿಗೆ ಅವುಗಳ ಪಾಠ ಮುಗಿಯುತ್ತದೆ. ಪ್ರಶ್ನೆಯ ಹಿಂದಿರುವ ಯೋಚನೆ ತಪ್ಪಲ್ಲ. ಗಾಜಿಗೆ ತುಕ್ಕಿಲ್ಲ, ಗೆದ್ದಲಿಲ್ಲ. ಕಣ್ಣಿಗೆ ಒಡಕು ಕಾಣದಿದ್ದರೆ ಅದನ್ನೇಕೆ ಎಸೆಯಬೇಕು? ಆದರೆ ಬೇರೆ ಬೇರೆ ವಾಹನಗಳಲ್ಲಿ ಮುಂಗಾಜು ಮಾಡುವ ಕೆಲಸವೇ ಬೇರೆ. ಕೆಲವದರಲ್ಲಿ ಅದು ಗಾಳಿ ಮಳೆ ತಡೆಯುವ ಕಿಟಕಿ. ಇಂದಿನ ಕಾರುಗಳಲ್ಲಿ ಅದು ದೇಹದ ಒಂದು ಭಾಗ. ಮೊದಲನೆಯದಕ್ಕೆ ನನ್ನ ಉತ್ತರ ಧಾರಾಳವಾಗಿ ಹೌದು, ಎರಡನೆಯದಕ್ಕೆ ಖಂಡಿತ ಬೇಡ.

ಅಂಬಾಸಡರ್, ಪದ್ಮಿನಿ, ಹಳೆಯ ಜೀಪುಗಳಲ್ಲೂ ಎಷ್ಟೋ ಲಾರಿ, ಟ್ರ್ಯಾಕ್ಟರುಗಳಲ್ಲೂ ಗಾಜನ್ನು ಹಿಡಿದಿಡುವುದು ರಬ್ಬರ್ ಬೀಡಿಂಗ್. ಬೀಡಿಂಗಿನ ಒಂದು ಸೀಳಿನಲ್ಲಿ ಗಾಜು ಕೂರುತ್ತದೆ, ಇನ್ನೊಂದು ಸೀಳು ತಗಡಿನ ಅಂಚನ್ನು ಕಚ್ಚುತ್ತದೆ. ಹೊರಗಿನ ಸೀಳಿಗೆ ಗಟ್ಟಿ ದಾರ ತುಂಬಿ, ಸೋಪಿನ ನೀರು ಸವರಿ, ಒಬ್ಬರು ಹೊರಗಿನಿಂದ ಗಾಜನ್ನು ಒತ್ತುತ್ತಿರುವಾಗ ಇನ್ನೊಬ್ಬರು ಒಳಗಿನಿಂದ ದಾರ ಎಳೆಯುತ್ತ ಬಂದರೆ ರಬ್ಬರಿನ ತುಟಿ ತಗಡಿನ ಮೇಲೆ ಮಗುಚಿಕೊಳ್ಳುತ್ತದೆ. ಇದರಲ್ಲಿ ರಸಾಯನಶಾಸ್ತ್ರವೇ ಇಲ್ಲ, ತಪ್ಪಿದರೆ ಬಿಚ್ಚಿ ಮತ್ತೆ ಕೂರಿಸಬಹುದು. ಬೀಡಿಂಗ್ ಮಾತ್ರ ಹೊಸದಿರಲಿ. ಬಾಗಿಲಿನ ಗಾಜಿನ ವಿಷಯ ಇನ್ನೂ ಸುಲಭ. ಅದು ಸಾಮಾನ್ಯವಾಗಿ ಬಿಸಿ ಮಾಡಿ ಥಟ್ಟನೆ ತಣಿಸಿದ ಗಾಜು. ಒಡೆದರೆ ಪೂರ್ತಿ ಹರಳು ಹರಳಾಗಿ ಉದುರುತ್ತದೆ. ಅರ್ಧಂಬರ್ಧ ಒಡೆದ ಸ್ಥಿತಿ ಅದಕ್ಕಿಲ್ಲದ್ದರಿಂದ ಇಡಿಯಾಗಿ ಸಿಕ್ಕಿದ್ದನ್ನು ನಂಬಬಹುದು.

ಮುಂಗಾಜಿನ ರಚನೆ ಹಾಗಲ್ಲ. ಅದು ಸುಮಾರು ಎರಡೆರಡು ಮಿಲಿಮೀಟರಿನ ಎರಡು ಹಾಳೆ, ನಡುವೆ 0.76 ಮಿ.ಮೀ. ದಪ್ಪದ ಪಾಲಿವಿನೈಲ್ ಬ್ಯುಟಿರಾಲ್ ಎಂಬ ಪ್ಲಾಸ್ಟಿಕ್ ಪದರ. ಇದರ ಮೂಲದಲ್ಲಿರುವವನು ಫ್ರಾನ್ಸಿನ ಎಡುವಾರ್ ಬೆನೆಡಿಕ್ಟುಸ್, ರಸಾಯನಜ್ಞನೂ ಚಿತ್ರಕಾರನೂ ಆಗಿದ್ದವನು. 1903ರಲ್ಲಿ ಅವನ ಕೈತಪ್ಪಿ ಬಿದ್ದ ಗಾಜಿನ ಬುರುಡೆ ಸೀಳುಬಿಟ್ಟರೂ ಚೂರಾಗಿ ಚದುರಲಿಲ್ಲ. ಒಳಗೆ ಒಣಗಿದ್ದ ಸೆಲ್ಯುಲೋಸ್ ನೈಟ್ರೇಟಿನ ಪೊರೆ ಚೂರುಗಳನ್ನು ಹಿಡಿದಿಟ್ಟಿತ್ತು ಎಂಬ ಕಥೆ ಪ್ರಸಿದ್ಧ. 1909ರಲ್ಲಿ ಪೇಟೆಂಟ್ ಪಡೆದ ಅವನ ಗಾಜು ಮೊದಲ ಮಹಾಯುದ್ಧದ ಅನಿಲ ಮುಖವಾಡಗಳಿಗೆ ಹೋಯಿತು, ಆಮೇಲೆ ಕಾರುಗಳಿಗೆ ಬಂತು. ಆ ಪೊರೆ ಬಿಸಿಲಿಗೆ ಹಳದಿಯಾಗುತ್ತಿತ್ತು. 1930ರ ದಶಕದ ಕೊನೆಗೆ ಇಂದಿನ ಪ್ಲಾಸ್ಟಿಕ್ ಅದರ ಜಾಗಕ್ಕೆ ಬಂತು. 1960ರ ದಶಕದಲ್ಲಿ ಅಮೆರಿಕದ ಕಾರುಗಳಲ್ಲಿ ಪದರದ ದಪ್ಪ ಎರಡರಷ್ಟಾಯಿತು, ತಲೆ ಗಾಜನ್ನು ತೂರಿ ಹೊರಬರುವ ಘೋರ ಗಾಯಗಳು ಅದರಿಂದ ಇಳಿದವು. ಪದರ ಇಷ್ಟು ಬಲವಾಗಿದ್ದರೂ ಹೊರಗಿನ ಹಾಳೆಗಳು ಬಾಗಿಲಿನ ಗಾಜಿನಂತೆ ಗಟ್ಟಿಗೊಳಿಸಿದವಲ್ಲ. ಅವಕ್ಕೆ ಅಂಚಿನ ಗಾಯವೇ ಶತ್ರು.

ಅಂಚೇ ಏಕೆ ಎನ್ನುವುದನ್ನು ಎ. ಎ. ಗ್ರಿಫಿತ್ 1921ರಲ್ಲಿ ವಿವರಿಸಿದ. ಪರಮಾಣುಗಳ ನಡುವಿನ ಬಂಧಗಳ ಲೆಕ್ಕದಲ್ಲಿ ಗಾಜು ಎಷ್ಟು ಗಟ್ಟಿಯಿರಬೇಕೋ ಅದರ ಸಣ್ಣ ಪಾಲಿನಷ್ಟೂ ಇರುವುದಿಲ್ಲ. ಮೇಲ್ಮೈಯ ಸೂಕ್ಷ್ಮ ಸೀಳುಗಳೇ ಅದಕ್ಕೆ ಕಾರಣ ಎಂದು ಅವನು ತೋರಿಸಿದ. ಬಟ್ಟೆ ಅಂಗಡಿಯಲ್ಲಿ ಇದನ್ನು ಕಾಣಬಹುದು. ಥಾನಿನಿಂದ ಎರಡು ಮೀಟರ್ ಬೇಕೆಂದರೆ ಅಂಗಡಿಯವನು ಉದ್ದಕ್ಕೂ ಕತ್ತರಿ ಆಡಿಸುವುದಿಲ್ಲ. ಅಂಚಿಗೆ ಒಂದು ಸಣ್ಣ ಕಚ್ಚು ಹಾಕಿ, ಎರಡು ಕೈಯಲ್ಲಿ ಹಿಡಿದು ಪರ್ರನೆ ಹರಿಯುತ್ತಾನೆ. ಕಚ್ಚಿಲ್ಲದ ಅಂಚನ್ನು ಅಷ್ಟೇ ಬಲದಿಂದ ಎಳೆದರೆ ಬಟ್ಟೆ ಜಗ್ಗುವುದಿಲ್ಲ, ಏಕೆಂದರೆ ಆಗ ಎಳೆತ ನೂರಾರು ಎಳೆಗಳಿಗೆ ಹಂಚಿಹೋಗುತ್ತದೆ. ಕಚ್ಚಿದ್ದಲ್ಲಿ ಅದೆಲ್ಲ ತುದಿಯ ಒಂದೆರಡು ಎಳೆಗಳ ಮೇಲೆ ಬಂದು ನಿಲ್ಲುತ್ತದೆ. ಅವು ಹರಿದಾಗ ಮುಂದಿನವುಗಳ ಸರದಿ. ಬಟ್ಟೆಯ ಬಲವನ್ನು ಅಲ್ಲಿ ನಿರ್ಧರಿಸುವುದು ನೂಲಿನ ಗುಣವಲ್ಲ, ಕಚ್ಚಿನ ಆಳ. ಗಾಜಿನ ವಿಷಯದಲ್ಲಿ ಆ ಕಚ್ಚು ಕೂದಲೆಳೆಗಿಂತ ಕಿರಿದಾಗಿದ್ದರೂ ಸಾಕು. ಅಂಟಿಸಿದ ಮುಂಗಾಜನ್ನು ಬಿಡಿಸಲು ತಂತಿಯನ್ನೋ ಬ್ಲೇಡನ್ನೋ ಅಂಚಿನುದ್ದಕ್ಕೂ ಆಡಿಸಲೇಬೇಕು. ಉಕ್ಕು ತಗಲಿದಲ್ಲಿ, ಗಾಜು ಬಾಗಿದಲ್ಲಿ ಇಂಥ ಕಚ್ಚು ಬೀಳಬಹುದು. ಅದು ಬಿದ್ದಿರುವುದು ಅಂಚಿನ ಕಪ್ಪು ಪಟ್ಟಿಯ ಮರೆಯಲ್ಲಾದ್ದರಿಂದ ಬರಿಗಣ್ಣಿಗೆ ಕಾಣುವುದೂ ಕಷ್ಟ.

ಕಚ್ಚು ಇದ್ದಷ್ಟೇ ಇರುವುದೂ ಇಲ್ಲ. ಶೆಲ್ಡನ್ ವೀಡರ್‌ಹಾರ್ನ್ 1967ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಸಾಮಾನ್ಯ ಗಾಜಿನ ಸೀಳು ಎಷ್ಟು ವೇಗದಲ್ಲಿ ಬೆಳೆಯುತ್ತದೆಂದು ಅಳೆದ. ಗಾಳಿಯಲ್ಲಿ ತೇವ ಹೆಚ್ಚಿದಷ್ಟೂ ಸೀಳಿನ ಓಟ ಹೆಚ್ಚಿತು. ಸೀಳಿನ ತುದಿಯಲ್ಲಿ ಎಳೆತಕ್ಕೆ ಸಿಕ್ಕ ಸಿಲಿಕಾನ್-ಆಮ್ಲಜನಕ ಬಂಧವನ್ನು ನೀರಿನ ಅಣು ಬಿಡಿಸುತ್ತ ಹೋಗುತ್ತದೆ. ಕೂರಿಸಿದ ದಿನ ಚೆನ್ನಾಗಿದ್ದ ಗಾಜು ತಿಂಗಳ ನಂತರ, ಏನೂ ತಗಲದೆ, ಮೂಲೆಯಿಂದ ಉದ್ದಕ್ಕೆ ಸೀಳಿದರೆ ಅದಕ್ಕೆ ಕಾರಣ ಹೀಗೂ ಇರಬಹುದು.

ಅದೇ ನೀರು ಅಂಟಿಗೆ ಬೇಕೇ ಬೇಕು. ಇಂದಿನ ಕಾರುಗಳಲ್ಲಿ ಗಾಜನ್ನು ಹಿಡಿದಿಡುವುದು ಪಾಲಿಯುರಿಥೇನ್. ಕೊಳವೆಯಿಂದ ಹೊರಬಂದ ಮೇಲೆ ಗಾಳಿಯ ತೇವವನ್ನು ಹೀರಿ, ಅದರಲ್ಲಿರುವ ಐಸೊಸಯನೇಟ್ ನೀರಿನೊಡನೆ ವರ್ತಿಸಿ, ಅದು ಗಟ್ಟಿಯಾಗುತ್ತದೆ. ಗಟ್ಟಿಯಾಗುವುದು ಹೊರಗಿನಿಂದ ಒಳಕ್ಕೆ, ದಿನಕ್ಕೆ ಕೆಲವೇ ಮಿಲಿಮೀಟರ್. ಮಂಗಳೂರಿನ ಜುಲೈಗೂ ರಾಯಚೂರಿನ ಒಣ ಹವೆಗೂ ಈ ವೇಗ ಒಂದೇ ಅಲ್ಲ. ಮೇಲೆ ಮುಟ್ಟಿ ನೋಡಿದರೆ ಒಣಗಿದಂತಿರುವ ಅಂಟಿನ ಒಳಗು ಇನ್ನೂ ಮೆತ್ತಗಿರಬಹುದು. ಅಂಟು ಕೂರುವ ಮೇಲ್ಮೈ ಮಾತ್ರ ಒಣಗಿಯೇ ಇರಬೇಕು, ಜಿಡ್ಡಿರಬಾರದು, ಅಗತ್ಯವಿದ್ದಲ್ಲಿ ಸರಿಯಾದ ಪ್ರೈಮರ್ ಬಿದ್ದಿರಬೇಕು. ಗುಜರಿಯ ಗಾಜಿನ ಅಂಚಿನಲ್ಲಿ ಯಾವ ಕಾಲದ ಅಂಟು ಉಳಿದಿದೆ, ಅದು ಎಂಥ ಎಣ್ಣೆ ಧೂಳು ಕುಡಿದಿದೆ ಎಂದು ಹೇಳುವವರು ಯಾರು?

ಸಿಲಿಕೋನ್ ಹಚ್ಚಿ ಕೂರಿಸಿದ ಗಾಜು ವರ್ಷಗಟ್ಟಲೆ ನಿಂತಿದೆ, ಒಂದು ಹನಿ ಸೋರಿಲ್ಲ ಎನ್ನುವವರಿದ್ದಾರೆ. ಅವರು ಹೇಳುವುದು ಸುಳ್ಳಲ್ಲ, ಆದರೆ ಸೋರದಿರುವುದು ಇಲ್ಲಿ ಪರೀಕ್ಷೆಯೇ ಅಲ್ಲ. ಪ್ರಯಾಣಿಕರ ಏರ್‌ಬ್ಯಾಗ್ ಸೆಕೆಂಡಿನ ಇಪ್ಪತ್ತನೇ ಒಂದು ಭಾಗಕ್ಕಿಂತ ಕಡಿಮೆ ಹೊತ್ತಿನಲ್ಲಿ ಉಬ್ಬುತ್ತದೆ. ಎಷ್ಟೋ ಕಾರುಗಳಲ್ಲಿ ಅದು ಮೇಲಕ್ಕೆ ಚಿಮ್ಮಿ, ಮುಂಗಾಜಿಗೆ ಒರಗಿಯೇ ಪ್ರಯಾಣಿಕರತ್ತ ತಿರುಗುತ್ತದೆ. ಗಾಜು ಕಿತ್ತುಬಂದರೆ ಏರ್‌ಬ್ಯಾಗಿಗೆ ಆಸರೆಯಿಲ್ಲ. ಕಾರು ಮಗುಚಿದಾಗ ಚಾವಣಿಯ ಭಾರದಲ್ಲೂ ಗಾಜಿಗೆ ಪಾಲಿದೆ. ಅಮೆರಿಕದ ನಿಯಮದಂತೆ ಗಂಟೆಗೆ 48 ಕಿ.ಮೀ. ವೇಗದ ಡಿಕ್ಕಿ ಪರೀಕ್ಷೆಯಲ್ಲಿ ಏರ್‌ಬ್ಯಾಗ್ ಇರುವ ಕಾರಿನ ಮುಂಗಾಜಿನ ಅಂಚು ಎಡಕ್ಕೂ ಬಲಕ್ಕೂ ಕನಿಷ್ಠ ಅರ್ಧದಷ್ಟು ಚೌಕಟ್ಟಿನಲ್ಲೇ ಉಳಿಯಬೇಕು. ಕಟ್ಟಡಗಳಿಗೆ ಮಾಡಿದ ಸಿಲಿಕೋನಿಗೆ ಆ ಬಲವಿಲ್ಲ. ವಿನೆಗರ್ ವಾಸನೆಯ ಬಗೆಯದಾದರೆ ಅದರಿಂದ ಹೊರಡುವ ಅಸಿಟಿಕ್ ಆಮ್ಲ ತಗಡನ್ನೂ ತಿನ್ನುತ್ತದೆ. ಒಮ್ಮೆ ಸಿಲಿಕೋನ್ ತಗಲಿದ ಜಾಗಕ್ಕೆ ಮುಂದೆ ಪಾಲಿಯುರಿಥೇನ್ ಸರಿಯಾಗಿ ಹಿಡಿಯುವುದೂ ಇಲ್ಲ.

ಮುಂಗಾಜಿನ ಪ್ಲಾಸ್ಟಿಕ್ ಪದರ ಬೇರ್ಪಡಿಸಿ ಗಾಜನ್ನು ಮರುಬಳಸುವುದು ಕಷ್ಟ, ಹಾಗಾಗಿ ಎಷ್ಟೋ ಮುಂಗಾಜುಗಳು ಕಸವಾಗುತ್ತವೆ ಎಂಬ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ. ಉಳಿಸುವ ಮನಸ್ಸಿದ್ದರೆ ಕಾರ್ಖಾನೆಯಲ್ಲೇ ಅಂಟಿ ಕೂತಿರುವ ನಿಮ್ಮ ಗಾಜನ್ನು ಉಳಿಸಿ. ಕಲ್ಲು ಸಿಡಿದು ಹೊರಗಿನ ಹಾಳೆಯಲ್ಲಿ ಚಿಕ್ಕ ಚಕ್ಕೆ ಎದ್ದರೆ ಆ ಸಂದಿಗೆ ರೆಸಿನ್ ತುಂಬಿ ಅತಿನೇರಳೆ ಬೆಳಕಿನಲ್ಲಿ ಗಟ್ಟಿಮಾಡುವ ದುರಸ್ತಿಯಿದೆ. ಬೆಳಕನ್ನು ಹೆಚ್ಚುಕಡಿಮೆ ಗಾಜಿನಂತೆಯೇ ಬಾಗಿಸುವ ರೆಸಿನ್ ಅದು; ಕಲೆ ಬಹುಪಾಲು ಮರೆಯಾಗುತ್ತದೆ, ಕಚ್ಚಿನ ತುದಿಗೆ ನೀರು ತಲಪುವುದೂ ತಪ್ಪುತ್ತದೆ. ಚಕ್ಕೆ ಎದ್ದ ದಿನವೇ ಅದರ ಮೇಲೆ ಪಾರದರ್ಶಕ ಟೇಪ್ ಅಂಟಿಸಿ, ಧೂಳೂ ಮಳೆನೀರೂ ಒಳಗಿಳಿಯುವ ಮುನ್ನ, ಆ ವಾರದೊಳಗೆ ದುರಸ್ತಿ ಮಾಡಿಸಿ.