ಅತ್ತೆಗೆ ಪಿಂಚಣಿ ಬರುತ್ತೆ, ಅದಕ್ಕೇ ಪಿಂಚಣಿ ಇಲ್ಲ!

ಭದ್ರಾವತಿಯಲ್ಲಿರುವ ನನ್ನ ಸೋದರತ್ತೆಗೆ ಈಗ 76 ವರ್ಷ. ಮಕ್ಕಳಿಲ್ಲ. ಮಾವ ಕಾರ್ಖಾನೆಯೊಂದರಲ್ಲಿ ಗುತ್ತಿಗೆ ಕೆಲಸ ಮಾಡಿ ನಿವೃತ್ತರಾಗಿದ್ದರು, ಆರು ವರ್ಷದ ಹಿಂದೆ ತೀರಿಕೊಂಡರು. ಹೋದ ಮಳೆಗಾಲದಲ್ಲಿ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡರು. ಕಟ್ಟು ಬಿಚ್ಚಿದ ಮೇಲೂ ಬಿಂದಿಗೆ ಎತ್ತಲು, ಸೀರೆಯ ನೆರಿಗೆ ಹಿಡಿಯಲು ಆಗುತ್ತಿಲ್ಲ. ಶಿವಮೊಗ್ಗದಿಂದ ನಾನು ವಾರಕ್ಕೆರಡು ಸಲ ಹೋಗಿ ಬರುತ್ತೇನೆ. ಸುಮಾರು 20 ಕಿಲೋಮೀಟರ್ ದಾರಿ, ಶಕ್ತಿ ಯೋಜನೆಯಿಂದ ಬಸ್ಸಿಗೆ ಕಾಸಿಲ್ಲ. ಆದರೆ ಉಳಿದ ಐದು ದಿನ?

"ಸರ್ಕಾರದಿಂದ ಏನಾದ್ರೂ ಸಿಗುತ್ತಾ ನೋಡೇ" ಅಂದರು ಅತ್ತೆ. ಯಾರ ಹತ್ತಿರವೂ ಏನೂ ಕೇಳದ ಜೀವ ಅದು. ಅಷ್ಟು ಹೇಳಬೇಕಾದರೆ ಎಷ್ಟು ಸೋತಿರಬೇಕು!

ಮೊದಲು ನೆನಪಾದದ್ದು ಸಂಧ್ಯಾ ಸುರಕ್ಷಾ. 65 ದಾಟಿದ ಬಡ ಹಿರಿಯರಿಗಾಗಿ 2007ರಲ್ಲಿ ಶುರುವಾದ ಯೋಜನೆ. ಈಗ ತಿಂಗಳಿಗೆ 1,200 ರೂಪಾಯಿ. ಆಧಾರ್, ರೇಷನ್ ಕಾರ್ಡ್, ಆದಾಯ ಪ್ರಮಾಣಪತ್ರ, ಪಾಸ್‌ಬುಕ್ ಎಲ್ಲ ಜೋಡಿಸಿಕೊಂಡು ಹೋದೆ. ಪಾಸ್‌ಬುಕ್ ತಿರುವಿದವರು ಒಂದು ಸಾಲಿನ ಮೇಲೆ ಬೆರಳಿಟ್ಟರು. "ಪಿಎಫ್ ಪಿಂಚಣಿ ಬರ್ತಿದೆಯಲ್ಲಮ್ಮಾ? ಹಾಗಾದ್ರೆ ಇದು ಆಗಲ್ಲ."

ಅವರು ಹೇಳಿದ್ದು ನಿಯಮವೇ. ಬೇರೆ ಯಾವುದೇ ಪಿಂಚಣಿ ಪಡೆಯುವವರಿಗೆ ಸಂಧ್ಯಾ ಸುರಕ್ಷಾ ಇಲ್ಲ. ಅತ್ತೆಗೆ ಬರುವುದು ಮಾವನ ಇಪಿಎಸ್-95ರ ವಿಧವಾ ಪಿಂಚಣಿ. 2014ರಲ್ಲಿ ಅದರ ಕನಿಷ್ಠ ಮೊತ್ತವನ್ನು 1,000 ರೂಪಾಯಿ ಮಾಡಿದರು. ಅತ್ತೆಗೆ ಬರುವುದು ಅಷ್ಟೇ. ಅಂದರೆ ಮಾವ ಪಿಎಫ್ ಇರುವ ಕೆಲಸದಲ್ಲಿ ದುಡಿದದ್ದಕ್ಕೆ ತಿಂಗಳಿಗೆ 200 ರೂಪಾಯಿ ನಷ್ಟ! ಕಬ್ಬಿಣ, ಕಾಗದದ ಕಾರ್ಖಾನೆಗಳನ್ನು ನಂಬಿ ಬೆಳೆದ ಊರಲ್ಲಿ ಈ ಲೆಕ್ಕ ನಮ್ಮ ಮನೆಯೊಂದರದ್ದೇ ಆಗಿರಲಾರದು.

ಹೊರಗೆ ಬರುತ್ತಿದ್ದಂತೆ ಒಬ್ಬಾತ ಬೆನ್ನು ಹತ್ತಿದ. "ಪಿಎಫ್ ವಿಷಯ ಹೇಳ್ಬೇಡಿ ಅಕ್ಕಾ, ಮೂರು ಸಾವಿರ ಕೊಡಿ, ನಾನು ಮಾಡಿಸ್ತೀನಿ." ಈ ವಯಸ್ಸಿನಲ್ಲಿ ಅತ್ತೆಯ ಕೈಲಿ ಸುಳ್ಳಿಗೆ ಹೆಬ್ಬೆಟ್ಟು ಒತ್ತಿಸಲು ಮನಸ್ಸು ಬರಲಿಲ್ಲ.

ಎರಡನೆಯ ದಾರಿ, ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಯ 2007ರ ಕಾಯ್ದೆ. 60 ದಾಟಿ, ತಮ್ಮ ಜೀವನ ತಾವೇ ಸಾಗಿಸಲಾಗದವರು ಮಕ್ಕಳಿಂದ ಜೀವನಾಂಶ ಕೇಳಬಹುದು. ಮಕ್ಕಳಿಲ್ಲದವರು, ಮುಂದೆ ತಮ್ಮ ಆಸ್ತಿ ಯಾರಿಗೆ ಸೇರುತ್ತದೋ ಆ ಅನುಕೂಲಸ್ಥ ಸಂಬಂಧಿಕರಿಂದಲೂ ಕೇಳಬಹುದು. ಅರ್ಜಿ ಉಪವಿಭಾಗಾಧಿಕಾರಿಗೆ, ಭದ್ರಾವತಿಯವರಿಗೂ ಅದು ಶಿವಮೊಗ್ಗದಲ್ಲೇ. ವಕೀಲರು ಬೇಕಿಲ್ಲ. ಅತ್ತೆಯ ಮನೆ ಮುಂದೆ ಸೇರುವುದು ಮಾವನ ಅಣ್ಣನ ಮಗನಿಗೆ. ವಿಷಯ ಎತ್ತಿದೆ. ಅತ್ತೆ ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ, "ಬೇಡ ಕಣೇ. ದುಡ್ಡೇನೋ ಕೊಟ್ಟಾನು. ಹಬ್ಬಕ್ಕೆ ಬರೋದನ್ನ ನಿಲ್ಲಿಸ್ತಾನೆ" ಅಂದರು. ನಾನು ಸುಮ್ಮನಾದೆ.

ಇಂಗ್ಲೆಂಡಿನಲ್ಲಿರುವ ಗೆಳತಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿಕೊಂಡೆ. ಅಲ್ಲಿ ಸ್ಥಳೀಯ ಕೌನ್ಸಿಲ್‌ನವರು ಮೊದಲು ನೋಡುವುದು ಸ್ನಾನ, ಬಟ್ಟೆ, ಊಟ ತಾವೇ ಮಾಡಿಕೊಳ್ಳಬಲ್ಲರೇ ಅಂತ. ಹಣದ ಲೆಕ್ಕ ಆಮೇಲೆ; 23,250 ಪೌಂಡ್‌ಗಿಂತ ಹೆಚ್ಚು ಉಳಿತಾಯವಿದ್ದರೆ ಖರ್ಚು ಸಾಮಾನ್ಯವಾಗಿ ಅವರದೇ. ನಮ್ಮಲ್ಲಿ ವಯಸ್ಸು ಕೇಳಿದರು, ಆದಾಯ ಕೇಳಿದರು. "ಸ್ನಾನ ಯಾರು ಮಾಡಿಸ್ತಾರೆ?" ಅನ್ನುವ ಕಾಲಂ ನಾನು ತುಂಬಿದ ಅರ್ಜಿಯಲ್ಲಿ ಇರಲಿಲ್ಲ.

ಕೊನೆಗೆ ಕೈ ಹಿಡಿದದ್ದು ಗೃಹಲಕ್ಷ್ಮಿ. ರೇಷನ್ ಕಾರ್ಡಿನಲ್ಲಿ ಮನೆಯ ಯಜಮಾನಿ ಅತ್ತೆಯೇ. ಖಾತೆಗೆ ಆಧಾರ್ ಜೋಡಣೆಯಾಗದೆ ಹಣ ನಿಂತಿತ್ತು. ಅದನ್ನು ಸರಿಪಡಿಸಿದ ಮೇಲೆ ಕಂತು 2,000 ರೂಪಾಯಿ ಬರಲು ಶುರುವಾಯಿತು. ಆ ಹಣಕ್ಕೆ ಪಕ್ಕದ ಬೀದಿಯ ಒಬ್ಬಾಕೆ ದಿನಾ ಬೆಳಗ್ಗೆ ಬಂದು ನೀರು ತುಂಬಿ, ಸ್ನಾನ ಮಾಡಿಸಿ, ಜಡೆ ಹಾಕಿ ಹೋಗುತ್ತಾರೆ. ಕಂತು ತಡವಾದ ತಿಂಗಳು ನಾನು ಕೊಡುತ್ತೇನೆ.

ನಿಮ್ಮ ಮನೆಯಲ್ಲೂ ಹಿರಿಯರಿದ್ದರೆ, ನನ್ನ ಓಡಾಟದಿಂದ ಕಲಿತ ಮೂರು ಮಾತು. ಅರ್ಜಿ ಹಾಕುವ ಮುಂಚೆ ಪಾಸ್‌ಬುಕ್ ನೋಡಿ, ಯಾವ ಪಿಂಚಣಿ ಬರುತ್ತಿದೆ ಅಂತ ತಿಳಿದುಕೊಳ್ಳಿ. ಪಿಎಫ್ ಪಿಂಚಣಿಯ ಜೀವಿತ ಪ್ರಮಾಣಪತ್ರ ವರ್ಷಕ್ಕೊಮ್ಮೆ ಬೇಕು. ಅಂಚೆಯಣ್ಣನೇ ಮನೆಗೆ ಬಂದು ಮಾಡಿಕೊಡುವ ಸೌಲಭ್ಯವಿದೆ. ಆಸ್ತಿ ದಾನಪತ್ರ ಮಾಡುವುದಿದ್ದರೆ 'ನೋಡಿಕೊಳ್ಳಬೇಕು' ಎಂಬ ಷರತ್ತನ್ನು ಪತ್ರದಲ್ಲೇ ಬರೆಸಿ. ಮುರಿದರೆ ರದ್ದು ಕೋರಲು ಅದೇ ಕಾಯ್ದೆಯ 23ನೇ ಕಲಂ ಇದೆ. ಯಾರನ್ನು ಕೇಳಬೇಕೋ ತೋಚದಿದ್ದರೆ ಹಿರಿಯರ ಸಹಾಯವಾಣಿ 14567.

ನಾನು ಈಗಲೂ ವಾರಕ್ಕೆರಡು ಸಲ ಹೋಗುತ್ತೇನೆ. ಮುಂಚೆ ಹೋದೊಡನೆ ಸೆರಗು ಕಟ್ಟಿ ಬಚ್ಚಲಿಗೆ ಇಳಿಯುತ್ತಿದ್ದೆ. ಈಗ ಜಗಲಿಯಲ್ಲಿ ಅತ್ತೆಯ ಪಕ್ಕ ಕೂತು ಕಾಫಿ ಕುಡಿಯುತ್ತೇನೆ.