ಲೇಸರ್ ನೇತ್ರಚಿಕಿತ್ಸೆಯ ಉಪದ್ರವಗಳು

ಒಂದು ರೋಗವನ್ನು ಹಿಂಬಾಲಿಸಿ ಬರುವ ಮತ್ತೊಂದು ವಿಕಾರಕ್ಕೆ ಆಯುರ್ವೇದದಲ್ಲಿ ಉಪದ್ರವವೆಂದು ಹೆಸರು. ಚಿಕಿತ್ಸೆಯ ಬೆನ್ನಿಗೆ ಬರುವ ತೊಡಕುಗಳಿಗೂ ಈ ಹೆಸರು ಸಲ್ಲುತ್ತದೆ. ಕನ್ನಡಕವನ್ನು ಬಿಡುವುದಕ್ಕಾಗಿ ಮಾಡಿಸಿಕೊಳ್ಳುವ ಲೇಸರ್ ಚಿಕಿತ್ಸೆಯಲ್ಲಿ ಅಂಥ ಉಪದ್ರವಗಳು ಏಕೆ ತಲೆದೋರುತ್ತವೆಂಬುದನ್ನು ಇಲ್ಲಿ ವಿಚಾರಿಸಬಹುದು.

ಬೆಂಗಳೂರು ದಂಡಿನಿಂದ ಪೂರ್ವಕ್ಕೆ, ಹಲಸೂರು ಇಂದಿರಾನಗರಗಳನ್ನು ದಾಟಿದರೆ, ವಿಮಾನಪುರದಲ್ಲಿ ವಾಯುಸೇನೆಯ ಅಂತರಿಕ್ಷ ವೈದ್ಯಕೀಯ ಸಂಸ್ಥೆಯಿದೆ. 1957ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯಲ್ಲಿ ವಿಮಾನಚಾಲಕರಾಗಬಯಸುವವರ ದೇಹಪರೀಕ್ಷೆ ನಡೆಯುತ್ತದೆ. ಲೇಸರ್ ಚಿಕಿತ್ಸೆ ಮಾಡಿಸಿಕೊಂಡ ಅಭ್ಯರ್ಥಿಗಳಿಗೆ ವಾಯುಸೇನೆಯ ನೇಮಕ ಪ್ರಕಟಣೆಗಳು ಕೆಲವು ನಿಬಂಧನೆಗಳನ್ನು ವಿಧಿಸಿವೆ. 20 ವರ್ಷ ತುಂಬುವ ಮೊದಲು ಚಿಕಿತ್ಸೆ ಆಗಿರಕೂಡದು. ಆದ ಮೇಲೆ 12 ತಿಂಗಳಾದರೂ ಕಳೆದಿರಬೇಕು. ಉಳಿದ ಕಾರ್ನಿಯಾದ ದಪ್ಪ 450 ಮೈಕ್ರಾನಿಗಿಂತ ಕಡಮೆಯಿರಕೂಡದು. ಮೊದಲಿದ್ದ ದೃಷ್ಟಿದೋಷವು 6 ಡಯಾಪ್ಟರುಗಳನ್ನು ಮೀರಿರಕೂಡದು. ಕಣ್ಣುಗುಡ್ಡೆ ಅತಿಯಾಗಿ ನೀಳವಾಗಿರಕೂಡದು. ಈ ಒಂದೊಂದು ನಿಬಂಧನೆಯ ಹಿಂದೆಯೂ ಒಂದೊಂದು ಉಪದ್ರವದ ಅನುಭವವಿದೆ.

ಕಾರ್ನಿಯಾ ಎಂಬುದು ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆ. ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರು. ಮದರಾಸಿನಲ್ಲಿ ಜನಿಸಿ ಅಮೆರಿಕದಲ್ಲಿ ನೆಲಸಿದ ರಂಗಸ್ವಾಮಿ ಶ್ರೀನಿವಾಸನ್ ಅವರು 1981ರಲ್ಲಿ, ಎಕ್ಸೈಮರ್ ಲೇಸರಿನ ಕಿರಣವು ಅಂಗಾಂಶವನ್ನು ಸುಡದೆಯೇ ಸವೆಯಿಸಬಲ್ಲದೆಂದು ಸಹೋದ್ಯೋಗಿಗಳೊಡನೆ ಕಂಡುಕೊಂಡರು. ಲ್ಯಾಸಿಕ್ ಕ್ರಮದಲ್ಲಿ ಕಾರ್ನಿಯಾದ ಮೇಲ್ಪದರವನ್ನು ಮುಚ್ಚಳದಂತೆ ಎತ್ತಿ, ಒಳಭಾಗವನ್ನು ಈ ಕಿರಣದಿಂದ ಸವೆಯಿಸಿ, ಪದರವನ್ನು ಮತ್ತೆ ಮುಚ್ಚುತ್ತಾರೆ.

ದೋಷವು ಹೆಚ್ಚಿದಷ್ಟೂ ಸವೆಯಿಸಬೇಕಾದ ಭಾಗವು ಹೆಚ್ಚು. ಮೊದಲೇ ತೆಳುವಾದ, ಇಲ್ಲವೆ ಗೂಢವಾಗಿ ದುರ್ಬಲವಾದ ಕಾರ್ನಿಯಾವು ಹೀಗೆ ಸವೆದ ಮೇಲೆ ಕಣ್ಣಿನ ಒಳಒತ್ತಡವನ್ನು ತಾಳಲಾರದೆ ಮುಂದಕ್ಕೆ ಉಬ್ಬುವುದುಂಟು. ಇದೇ ಎಕ್ಟೇಸಿಯಾ. ಆಗ ಕಾಣುವ ರೂಪಗಳು ವಕ್ರವಾಗುತ್ತವೆ. ಕನ್ನಡಕದಿಂದಲೂ ಪೂರ್ಣವಾಗಿ ಸರಿಹೋಗವು. ರಿಬೋಫ್ಲಾವಿನ್ ಮತ್ತು ನೇರಳಾತೀತ ಕಿರಣಗಳ ಚಿಕಿತ್ಸೆಯಿಂದ ಉಬ್ಬುವಿಕೆಯನ್ನು ಬಹುಮಟ್ಟಿಗೆ ತಡೆಯಬಹುದಾದರೂ ಕಳೆದುಹೋದ ಅಂಗಾಂಶವು ಮರಳಿ ಬಾರದು.

ಎಳೆಯ ವಯಸ್ಸಿನಲ್ಲಿ ದೋಷವು ಇನ್ನೂ ಬೆಳೆಯುತ್ತಿರುವುದರಿಂದ, ತಿದ್ದಿದ ಕಣ್ಣು ಮತ್ತೆ ಮಂದವಾಗಬಹುದು. ಕಾರ್ನಿಯಾದ ನರತಂತುಗಳು ಕತ್ತರಿಸಿಹೋಗುವುದರಿಂದ ಕಣ್ಣು ಒಣಗುತ್ತದೆ. ರಾತ್ರಿ ದೀಪಗಳ ಸುತ್ತ ಪ್ರಭಾವಳಿ ಕಾಣಿಸುತ್ತದೆ. ಇವು ಹಲವರಲ್ಲಿ ಕೆಲವು ತಿಂಗಳಲ್ಲಿ ಶಮನವಾಗುತ್ತವೆ, ಕೆಲವರಲ್ಲಿ ಉಳಿಯುತ್ತವೆ. ಒಂದು ವರ್ಷದ ನಿರೀಕ್ಷಣೆಯ ಪ್ರಯೋಜನ ಇದರಿಂದ ಸ್ಪಷ್ಟವಾಗುತ್ತದೆ. ಇನ್ನು ನೀಳವಾದ ಕಣ್ಣುಗುಡ್ಡೆಯ ವಿಷಯ: ಲೇಸರು ತಿದ್ದುವುದು ಮುಂಭಾಗವನ್ನು ಮಾತ್ರ. ಹಿಂದೆ ಹಿಗ್ಗಿ ತೆಳುವಾದ ಅಕ್ಷಿಪಟಲವು ಹಾಗೆಯೇ ಇದ್ದು, ಅದು ಕಳಚಿಕೊಳ್ಳುವ ಭಯವು ತಪ್ಪುವುದಿಲ್ಲ.

ಗ್ರಂಥವ್ಯಾಸಂಗವೇ ವೃತ್ತಿಯಾದವರು ಇನ್ನೊಂದು ಮಾತನ್ನು ಗಮನಿಸತಕ್ಕದ್ದು. ಹ್ರಸ್ವದೃಷ್ಟಿಯುಳ್ಳವರಲ್ಲಿ ಹಲವರು ನಲವತ್ತು ದಾಟಿದ ಮೇಲೂ ಕನ್ನಡಕವನ್ನು ತೆಗೆದಿಟ್ಟು ಸೂಕ್ಷ್ಮಾಕ್ಷರಗಳನ್ನು ಓದಬಲ್ಲರು. ಎರಡು ಕಣ್ಣುಗಳನ್ನೂ ದೂರದ ನೋಟಕ್ಕೆ ತಿದ್ದಿಸಿಕೊಂಡರೆ ಈ ಅನುಕೂಲವು ಹೋಗಿ, ಓದಲು ಚಾಳೀಸಿನ ಕನ್ನಡಕವು ಬೇಕಾಗುತ್ತದೆ. ಇದು ಉಪದ್ರವವಲ್ಲ; ಆದರೂ ಮುಂಚೆ ತಿಳಿಯದಿದ್ದವರಿಗೆ ವ್ಯಸನಕರವಾದದ್ದೇ.

ಸೇನೆಯ ಅಭ್ಯರ್ಥಿಯನ್ನು ನಿಯಮವೇ ತಡೆದು ನಿಲ್ಲಿಸುತ್ತದೆ. ಸಾಮಾನ್ಯ ರೋಗಿಗೆ ಅಂಥ ಕಾವಲಿಲ್ಲ. ಆದುದರಿಂದ ಕಾರ್ನಿಯಾದ ದಪ್ಪವೆಷ್ಟು, ಅದರ ಆಕಾರದ ನಕ್ಷೆಯಲ್ಲಿ ದೌರ್ಬಲ್ಯದ ಚಿಹ್ನೆಯುಂಟೆ, ಕನ್ನಡಕದ ಅಂಕಿ ಸ್ಥಿರವಾಗಿದೆಯೆ ಎಂಬುದನ್ನು ಶಸ್ತ್ರಕ್ರಿಯೆಗೆ ಮುಂಚೆಯೇ ವೈದ್ಯರನ್ನು ಕೇಳಿ ತಿಳಿಯಬೇಕು. ಬೇಡವೆಂದು ಹೇಳುವ ವೈದ್ಯನೂ ಉಪಕಾರಿಯೇ ಸರಿ.