ನಿಮಗಿದು ಗೊತ್ತೇ? ಕಾವ್ಯದ ಪಾತ್ರ, ತಮಿಳುನಾಡಿನ ದೈವ

ಅರ್ಜುನನಿಗೆ ನಾಗಕನ್ಯೆ ಉಲೂಪಿಯಲ್ಲಿ ಹುಟ್ಟಿದ ಇರಾವಂತ, ವ್ಯಾಸಭಾರತದಲ್ಲಿ ಹೀಗೆ ಬಂದು ಹಾಗೆ ಹೋಗುವ ವೀರ. ಯುದ್ಧದ 8ನೆಯ ದಿನ ಅಲಂಬುಷನೆಂಬ ರಾಕ್ಷಸನ ಕೈಯಲ್ಲಿ ಮಡಿಯುತ್ತಾನೆ. ಅದೇ ಹುಡುಗ ತಮಿಳುನಾಡಿನಲ್ಲಿ ಅರವಾನ್, ಜನ ಹರಕೆ ಹೊರುವ ಕೂತ್ತಾಂಡವರ್. ಪಾಂಡವರು ಗೆಲ್ಲಬೇಕಾದರೆ 32 ಶುಭಲಕ್ಷಣಗಳುಳ್ಳವನೊಬ್ಬ ಯುದ್ಧಕ್ಕೆ ಮೊದಲೇ ಕಾಳಿಗೆ ಬಲಿಯಾಗಬೇಕಿತ್ತಂತೆ. ಅಂಥವರು ಇದ್ದದ್ದು ಮೂವರೇ: ಕೃಷ್ಣ, ಅರ್ಜುನ, ಅರವಾನ್. ಮೊದಲ ಇಬ್ಬರನ್ನು ಕಳೆದುಕೊಳ್ಳುವಂತಿಲ್ಲ. ಹುಡುಗ ಒಪ್ಪಿದ. ಈ ರಣಬಲಿಯ ಕಥೆ ಹೊಸದೇನಲ್ಲ. 9ನೆಯ ಶತಮಾನದಲ್ಲಿ ಪೆರುಂದೇವನಾರ್ ಬರೆದ ‘ಭಾರತ ವೆಣ್ಬಾ’ದಲ್ಲೇ ಇದೆ.

ಸಾಯುವ ಮುನ್ನ ತನಗೊಂದು ಮದುವೆಯಾಗಲಿ ಎಂದು ಅರವಾನ್ ಕೇಳಿದ. ಬೆಳಗಾದರೆ ವಿಧವೆಯಾಗಲು ಯಾವ ಹೆಣ್ಣು ಒಪ್ಪಿಯಾಳು? ಕೃಷ್ಣನೇ ಮೋಹಿನಿಯಾಗಿ ಬಂದು ಅವನ ಕೈಹಿಡಿದ. ಕಳ್ಳಕುರಿಚ್ಚಿ ಜಿಲ್ಲೆಯ ಕೂವಾಗಂನಲ್ಲಿ ಪ್ರತಿವರ್ಷ ತಮಿಳರ ಚಿತ್ತಿರೈ ತಿಂಗಳಲ್ಲಿ ಸೇರುವ ಸಾವಿರಾರು ಮಂಗಳಮುಖಿಯರು ಮೋಹಿನಿಯ ಸ್ಥಾನದಲ್ಲಿ ನಿಂತು ಅರವಾನನ ಹೆಸರಿನಲ್ಲಿ ತಾಳಿ ಕಟ್ಟಿಸಿಕೊಳ್ಳುತ್ತಾರೆ. ಮರುದಿನ ತಾಳಿ ಕಿತ್ತು, ಬಳೆ ಒಡೆದು, ಬಿಳಿ ಸೀರೆ ಉಟ್ಟು ಎದೆ ಬಡಿದುಕೊಂಡು ಅಳುತ್ತಾರೆ. ಹೆತ್ತ ಮನೆಯೇ ಹೊರಗಟ್ಟಿದ ಎಷ್ಟೋ ಜನರಿಗೆ ದೇವರ ಮಡದಿಯೆಂಬ ಮನ್ನಣೆ ಕೊಡುವ ಈ ಜಾತ್ರೆಯಷ್ಟು ದೊಡ್ಡ ಮನಸ್ಸಿನಿಂದ ಮಹಾಭಾರತವನ್ನು ಯಾವ ಪಂಡಿತರೂ ಓದಿಲ್ಲವೆಂದೇ ನನ್ನ ನಂಬಿಕೆ.

ತಮಿಳುನಾಡಿನದೇ ಜಿಂಜಿ ಸೀಮೆಯ ಹಳ್ಳಿಗಳಲ್ಲಿ ದ್ರೌಪದಿಯೇ ಅಮ್ಮ. ಅವಳ ಜಾತ್ರೆಯ ಕೊನೆಗೆ ಬಯಲಿನಲ್ಲಿ ಮಣ್ಣಿನ ಭಾರೀ ದುರ್ಯೋಧನನನ್ನು ಮಲಗಿಸುತ್ತಾರೆ. ತೆರುಕ್ಕೂತ್ತು ಎಂಬ ಬೀದಿಯಾಟದ ಕಲಾವಿದರು ಅವನ ತೊಡೆ ಮುರಿಯುವುದನ್ನು ಆಡಿ ತೋರಿಸಿದ ಮೇಲೆಯೇ ದ್ರೌಪದಿ ಬಿಚ್ಚಿದ ಮುಡಿ ಕಟ್ಟುವುದು. ಸಂಜೆ ಭಕ್ತರು ಕೆಂಡ ಹಾಯುತ್ತಾರೆ.

ಈ ಅಮ್ಮನ ಗುಡಿ ಕಾಯುವವರಲ್ಲಿ ಒಬ್ಬ ಮುತ್ತಾಲ್ ರಾವುತ್ತನ್. ಅವನು ಮುಸ್ಲಿಂ! ನಮ್ಮ ಬೆಂಗಳೂರಿನ ತಿಗಳರು ಚೈತ್ರ ಹುಣ್ಣಿಮೆಯ ರಾತ್ರಿ ಧರ್ಮರಾಯನ ಗುಡಿಯಿಂದ ಹೊರಡಿಸುವ ಕರಗವೂ ದ್ರೌಪದಿಯದೇ. ಅದು ತವಕ್ಕಲ್ ಮಸ್ತಾನರ ದರ್ಗಾಕ್ಕೆ ಹೋಗದೆ ಮುಂದೆ ಸಾಗುವುದಿಲ್ಲ.

ಸಿಂಗಪುರದಲ್ಲೂ ದ್ರೌಪದಿಗಾಗಿ ಕೆಂಡ ಹಾಯುತ್ತಾರೆ. 1827ರಲ್ಲಿ ಸ್ಥಾಪನೆಯಾದ ಅಲ್ಲಿನ ಮಾರಿಯಮ್ಮನ್ ದೇವಸ್ಥಾನದಲ್ಲಿ, ದೀಪಾವಳಿಗೆ ತುಸು ಮೊದಲು.

ಕೃಷ್ಣನಿಗೆ ಮೀಸೆ ನೋಡಿದ್ದೀರಾ? ಚೆನ್ನೈನ ತಿರುವಲ್ಲಿಕ್ಕೇಣಿಯ ಪಾರ್ಥಸಾರಥಿ ದೇವಸ್ಥಾನಕ್ಕೆ ಹೋಗಿ. ಮೂಲಮೂರ್ತಿಗೆ ಗತ್ತಿನ ಮೀಸೆಯಿದೆ, ಕೈಯಲ್ಲಿ ಶಂಖವಿದೆ, ಚಕ್ರ ಮಾತ್ರ ಇಲ್ಲ. ಯುದ್ಧದಲ್ಲಿ ಆಯುಧ ಹಿಡಿಯೆನೆಂದು ಮಾತು ಕೊಟ್ಟವನಲ್ಲವೇ! ಉತ್ಸವಮೂರ್ತಿಯ ಮುಖದಲ್ಲಿರುವ ಕಲೆಗಳು ಭೀಷ್ಮರ ಬಾಣದ ಗಾಯಗಳೆಂದು ಭಕ್ತರು ನಂಬುತ್ತಾರೆ. ರಥದ ಮುಂದೆ ಕುಳಿತವನಿಗೇ ತಾನೇ ಮೊದಲ ಪೆಟ್ಟು.

ದೇವರ ರೂಪವೂ ಸೀಮೆಯಿಂದ ಸೀಮೆಗೆ ಬದಲಾಗುತ್ತದೆ: ಕುಕ್ಕೆಯಲ್ಲಿ, ಘಾಟಿಯಲ್ಲಿ ನಾವು ಹಾವಿನ ರೂಪದಲ್ಲಿ ಪೂಜಿಸುವ ಸುಬ್ರಹ್ಮಣ್ಯ ತಮಿಳರಿಗೆ ವೇಲ್ ಎಂಬ ಈಟಿ ಹಿಡಿದ ಮುರುಗ, ತೆನೆಹೊಲ ಕಾಯುತ್ತಿದ್ದ ಬೇಡರ ಹುಡುಗಿ ವಳ್ಳಿಯನ್ನು ಒಲಿಸಿಕೊಂಡು ಮದುವೆಯಾದವನು.

‘ಶಿಲಪ್ಪದಿಕಾರಂ’ನ ಕಣ್ಣಗಿ ಹುಟ್ಟಿನಿಂದ ದೇವತೆಯಲ್ಲ, ವ್ಯಾಪಾರಿಯೊಬ್ಬನ ಹೆಂಡತಿ. ತಪ್ಪು ತೀರ್ಪಿಗೆ ಗಂಡನನ್ನು ಕೊಂದ ಮದುರೆಯನ್ನು ಅವಳು ಸುಟ್ಟಳು. ಅವಳ ಮೂರ್ತಿಗೆ ಚೇರ ರಾಜ ಸೆಂಗುಟ್ಟುವನ್ ಹಿಮಾಲಯದಿಂದ ಕಲ್ಲು ತರಿಸಿದನೆಂದು ಕಾವ್ಯ ಹೇಳುತ್ತದೆ. ಗಂಗೆಯಲ್ಲಿ ಮೀಯಿಸಿದ ಆ ಕಲ್ಲನ್ನು ಹೊತ್ತವರು ಸೋತ ರಾಜರು. ಶ್ರೀಲಂಕಾದಲ್ಲಿ ಸಿಂಹಳ ಬೌದ್ಧರೂ ಅವಳನ್ನು ಪತ್ತಿನಿ ದೇವಿಯೆಂದು ಪೂಜಿಸುತ್ತಾರೆ. ಕ್ಯಾಂಡಿಯ ಪೆರಹೆರ ಮೆರವಣಿಗೆಯಲ್ಲಿ ಅವಳ ದೇವಾಲಯದ್ದೂ ಒಂದು ಪಾಲು.

ಕಣ್ಣಗಿಯ ಗಂಡನಿಗೆ ನರ್ತಕಿ ಮಾಧವಿಯಲ್ಲಿ ಹುಟ್ಟಿದ ಮಗಳು ಮಣಿಮೇಕಲೆ. ಆ ಹೆಸರು ಅವಳ ತಂದೆಯ ಮನೆತನದ ಕುಲದೇವತೆಯಾದ ಕಡಲದೇವಿಯದು. ನಡುಗಡಲಲ್ಲಿ ಮುಳುಗುತ್ತಿದ್ದ ಆ ಮನೆತನದ ಪೂರ್ವಜನೊಬ್ಬನನ್ನು ಎತ್ತಿ ಕಾಪಾಡಿದವಳು ಆ ದೇವಿಯೇ. ಥಾಯ್ಲೆಂಡಿನವರಿಗೂ ಆ ದೇವಿ ಗೊತ್ತು: ಅವಳು ಕೈಯ ಮಣಿಯನ್ನು ಹೊಳೆಯಿಸಿದರೆ ಮಿಂಚು, ಬೆನ್ನಟ್ಟುವ ರಾಕ್ಷಸ ಕೊಡಲಿ ಎಸೆದರೆ ಗುಡುಗು.